ಏಳೂ ಮುಕ್ಕಾಲರ ಇಳಿತ

ನಮ್ಮ ಕಡೆಯ ಹಳ್ಳಕ್ಕೆ ಒಂದೇ ಬುದ್ಧಿ. ಮಳೆ ಬಿದ್ದರೆ ಏರುತ್ತದೆ, ಮಳೆ ಬಿಟ್ಟರೆ ಇಳಿಯುತ್ತದೆ, ಆಮೇಲೆ ಎಂಟು ತಿಂಗಳು ಮರಳು ತೋರಿಸಿಕೊಂಡು ಬಿದ್ದಿರುತ್ತದೆ. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದ ನಾನು, ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಬರಿದಾಗುವ ಖಾಡಿಯನ್ನು ಮೊದಲ ಬಾರಿ ನೋಡಿದಾಗ, ಈ ನೀರಿಗೆ ತಲೆ ಸರಿ ಇಲ್ಲ ಎಂದುಕೊಂಡೆ. ಸಮುದ್ರ ನೆಲದೊಳಗೆ ಚಾಚಿದ ತೋಳೇ ಖಾಡಿ; ಸಮುದ್ರ ಉಬ್ಬಿದರೆ ಅದೂ ಉಬ್ಬುತ್ತದೆ, ಸಮುದ್ರ ಹಿಂದೆ ಸರಿದರೆ ಅದರ ತಳದ ಕೆಸರು, ಕಲ್ಲು ಎಲ್ಲ ಬಯಲಾಗುತ್ತದೆ. ಇದು ಈಗ ಹೇಳುವ ಮಾತು. ಆಗ ನನಗೆ ಇಷ್ಟೂ ಗೊತ್ತಿರಲಿಲ್ಲ.

ಐವತ್ತರ ದಶಕದ ನಡುವಿನ ಕಾಲ. ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತಿಕೆ, ಸಯನ್ನಿನ ಒಂದು ಬಿಲ್ಡಿಂಗಿನಲ್ಲಿ ನಾಲ್ವರಿಗೆ ಸೇರಿ ಒಂದು ಖೋಲಿ. ಉಳಿದ ಮೂವರಿಗೂ ಮುಂಬಯಿಯಲ್ಲಿ ಬಳಗವಿತ್ತು. ಭಾನುವಾರ ಬಂತೆಂದರೆ ಒಬ್ಬ ಮಾವನ ಮನೆಗೆ, ಒಬ್ಬ ಅಕ್ಕನ ಮನೆಗೆ, ಇನ್ನೊಬ್ಬ ಮದುವೆಯಾಗಲಿದ್ದ ಹುಡುಗಿಯ ಮನೆಗೆ, ಇಸ್ತ್ರಿ ಅಂಗಿ ತೊಟ್ಟು ಹೊರಟುಬಿಡುತ್ತಿದ್ದರು. ನನ್ನನ್ನು ಊಟಕ್ಕೆ ಕರೆಯುವ ಒಂದು ಮನೆ ಆ ಇಡೀ ಊರಿನಲ್ಲಿ ಇರಲಿಲ್ಲ. ಸಯನ್ನಿನಲ್ಲಿ ಕನ್ನಡದ ಮನೆಗಳಿಗೇನೂ ಬರವಿಲ್ಲ. ಮೆಟ್ಟಿಲಿಳಿಯುವಾಗ ಒಗ್ಗರಣೆಯ ಚುಂಯ್ ಸದ್ದಿನ ಜೊತೆ ಕನ್ನಡವೂ ಕೇಳುತ್ತಿತ್ತು. ಆದರೆ ಅವು ಸಂಸಾರಸ್ಥರ ಮನೆಗಳು. ಒಂಟಿ ಗಂಡಸಿಗೆ ಅಲ್ಲಿ ಬಾಗಿಲವರೆಗೆ ಮಾತ್ರ ಮರ್ಯಾದೆ.

ಒಂದು ಸೋಮವಾರ ಬೆಳಿಗ್ಗೆ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನೆಗಡಿಯಲ್ಲ, ಕೆಮ್ಮಲ್ಲ. ಶನಿವಾರ ಮಧ್ಯಾಹ್ನದಿಂದ ಅದನ್ನು ಬಳಸಿರಲಿಲ್ಲ, ಅಷ್ಟೇ. ಆವತ್ತು ನನಗೆ ನನ್ನ ಮೇಲೇ ಭಯವಾಯಿತು. ಮುಂದಿನ ಭಾನುವಾರದಿಂದ ಖೋಲಿಯಲ್ಲಿ ಕೂರುವುದನ್ನು ಬಿಟ್ಟು ಲೋಕಲ್ ಹತ್ತಿ ಕಂಡ ಸ್ಟೇಷನ್ನಿನಲ್ಲಿ ಇಳಿದು ನಡೆಯಲು ಶುರುಮಾಡಿದೆ. ಹಾಗೆ ಒಂದು ದಿನ ಇಳಿದದ್ದು ಜೋಗೇಶ್ವರಿ.

ಸ್ಟೇಷನ್ನಿನ ಪಶ್ಚಿಮಕ್ಕೆ ಸಣ್ಣಪುಟ್ಟ ಕಾರ್ಖಾನೆಗಳ ತಗಡಿನ ಶೆಡ್ಡುಗಳು. ಅವು ಮುಗಿದ ಮೇಲೆ ದಾರಿ ಎರಡಾಗುತ್ತಿತ್ತು. ಬಲಕ್ಕೆ ಮೀನುಗಾರ ಕೋಲಿಗಳ ಕೇರಿಯ ಮೂಲಕ ಬಂಡಿದಾರಿ. ಎಡಕ್ಕೆ ಉಪ್ಪಿನ ಗದ್ದೆಗಳ ನಡುವಿನ ಬದು. ಎರಡೂ ಕೊನೆಗೆ ಖಾಡಿಗೇ ಹೋಗಿ ಸೇರುತ್ತಿದ್ದವು. ಬದುವಿನ ಮೇಲೆ ನಡೆದು ಹೋದಾಗ ಖಾಡಿಯ ತಳದ ಕೆಸರಿನಲ್ಲಿ ಒಬ್ಬ ಮುದುಕರು ಮಂಡಿಯೂರಿ ಕೂತು ಸುತ್ತಿಗೆಯಿಂದ ಕಲ್ಲು ತಟ್ಟುತ್ತಿದ್ದುದು ಕಂಡಿತು. ಪಂಚೆಯನ್ನು ಮೇಲೆ ಕಟ್ಟಿದ್ದರು, ತಲೆಗೆ ಟವಲು ಸುತ್ತಿದ್ದರು. ಹುಚ್ಚನಿರಬೇಕು ಎಂದು ಮುಂದೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಸುತ್ತಿಗೆ ಅವರ ಹೆಬ್ಬೆರಳಿಗೆ ಬಿತ್ತು.

"ಅಯ್ಯಬ್ಬ! ಸತ್ತೆ ಮಾರಾಯ!" ಎಂದು ಕೂಗಿದರು.

ನನಗಾದ ಸಂತೋಷ ಹೇಳಿದರೆ ಪಾಪ ತಗಲೀತು. ಒಬ್ಬರ ಬೆರಳು ಜಜ್ಜಿದಾಗ ಇನ್ನೊಬ್ಬ ಹಿಗ್ಗುವುದು ಒಳ್ಳೆಯದಲ್ಲ. ಬೂಟು ಕಳಚಿ ಕೆಸರಿಗಿಳಿದು ಹೋಗಿ, "ಯಾವ ಊರವರ್ರೀ ತಾವು?" ಎಂದೆ.

ಅವರು ಬೆರಳು ಚೀಪುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಡುಪಿ ಆಚೆ. ನೀವು ಗಟ್ಟದ ಮೇಲಿನವರು, ಅಲ್ವಾ? ಮಾತಲ್ಲೇ ಗೊತ್ತಾಗ್ತದೆ. ನಿಂತ್ಕೊಂಡದ್ದು ಸಾಕು, ಈ ಕಲ್ಲು ಸ್ವಲ್ಪ ಹಿಡೀರಿ."

ಹಿಡಿದೆ. ಅಲ್ಲಿಂದ ಮುಂದೆ ಒಂದೂವರೆ ವರ್ಷ ಹಿಡಿದೆ.

ಅವರು ಉಪನಗರದ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಸಂಸಾರವಿರಲಿಲ್ಲ. ಜೋಗೇಶ್ವರಿಯ ಯಾವುದೋ ಚಾಳಿನಲ್ಲಿ ಒಬ್ಬರೇ ಇದ್ದರು. ನಾನು ನಮ್ಮ ಕಡೆಯ ರೂಢಿಯಂತೆ "ಮಾಸ್ತರ್ರ" ಎನ್ನುತ್ತಿದ್ದೆ, ಅವರು ನನ್ನನ್ನು "ಸಯನ್ನಿನವರೇ" ಎನ್ನುತ್ತಿದ್ದರು. ಹೆಸರು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಮೊದಲ ದಿನ ಕೇಳದೆ ಹೋದರೆ ಆಮೇಲೆ ಕೇಳುವುದು ನಾಚಿಕೆಯ ಸಂಗತಿ. ಒಂದು ವರ್ಷ ಜೊತೆಗೆ ಕೆಸರು ಮೆತ್ತಿಕೊಂಡವನನ್ನು ಹಿಡಿದು, "ಅಂದ ಹಾಗೆ ತಮ್ಮ ಹೆಸರೇನು?" ಎಂದು ಕೇಳುವುದು ಹೇಗೆ?

ಅವರು ಹುಡುಕುತ್ತಿದ್ದದ್ದು ಕಲ್ಲಾಗಿ ಹೋದ ಜೀವಗಳನ್ನು. ಈ ಊರೆಲ್ಲ ಭೂಮಿಯೊಳಗಿಂದ ಕರಗಿ ಉಕ್ಕಿದ ಬೆಂಕಿಯ ಕಲ್ಲು ಹರಿದು ಆದ ನೆಲವಂತೆ. ಒಂದು ಹರಿವಿಗೂ ಇನ್ನೊಂದು ಹರಿವಿಗೂ ನಡುವೆ ಬಿಡುವು ಸಿಕ್ಕಾಗ ಇಲ್ಲಿ ಕೆರೆಗಳಾಗಿ, ಕೆರೆಯ ಕೆಸರಿನಲ್ಲಿ ಎಲೆ, ಶಂಖದ ಹುಳು, ಕಪ್ಪೆ ಎಲ್ಲ ಬಿದ್ದು, ಕೆಸರು ಗಟ್ಟಿಯಾಗಿ ಬೂದು ಬಣ್ಣದ ಹಾಳೆಗಲ್ಲಾಗಿತ್ತು. ಆ ಕಲ್ಲಿನ ಒಂದು ಅಂಚು ಈ ಖಾಡಿಯ ತಳದಲ್ಲಿತ್ತು. ಮಾಸ್ತರರಿಗೆ ಬೇಕಾಗಿದ್ದು ಕಪ್ಪೆ. ಹೆಬ್ಬೆರಳಿನ ತುದಿಯಷ್ಟು ಚಿಕ್ಕ ಕಪ್ಪೆ, ತಲೆಯಿಂದ ಕಾಲ ಬೆರಳವರೆಗೆ ಇಡಿಯಾದದ್ದು. ಮುರಿದ ಮೂಳೆಗಳು ಅವರಿಗೆ ಬೇಕಾದಷ್ಟು ಸಿಕ್ಕಿದ್ದವು. ಇಡಿಯಾದದ್ದು ಒಂದೂ ಸಿಕ್ಕಿರಲಿಲ್ಲ.

ಹಾಳೆಗಲ್ಲಿನ ಪದರು ಬಿಡಿಸಿದರೆ ಯಾವಾಗಲೂ ಎರಡು ಹೋಳು. ಒಂದರಲ್ಲಿ ವಸ್ತು, ಇನ್ನೊಂದರಲ್ಲಿ ಅದರ ಅಚ್ಚು, ಅಂದರೆ ಬರೀ ಗುಳಿ. ನಮ್ಮ ನಡುವೆ ಒಂದು ಪದ್ಧತಿ ಬೆಳೆದಿತ್ತು: ಈ ಸಲ ವಸ್ತು ಅವರಿಗೆ, ಅಚ್ಚು ನನಗೆ, ಮುಂದಿನ ಸಲ ವಸ್ತು ನನಗೆ, ಅಚ್ಚು ಅವರಿಗೆ. ನನ್ನ ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಒಂದು ಎಲೆ, ಎರಡು ಶಂಖ, ಮೂರು ಬರೀ ಗುಳಿಗಳು ಇದ್ದವು. ಖೋಲಿಯ ಗೆಳೆಯರು ಕಲ್ಲು ತುಂಬಿದ ಟ್ರಂಕು ನೋಡಿ ನನಗೆ ಮದುವೆ ಮಾಡಿಸುವ ಮಾತಾಡಿದರು.

ಈ ಕೆಲಸಕ್ಕೆ ಸುತ್ತಿಗೆಗಿಂತ ಮೊದಲು ಬೇಕಾದದ್ದು ನೀರಿನ ಅಂದಾಜು. ಕಲ್ಲಿನ ಆ ಅಂಚು ಸಾಮಾನ್ಯ ಇಳಿತಕ್ಕೆ ಕಾಣುವುದೇ ಇಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ನೀರು ತೀರ ಕೆಳಗಿಳಿದಾಗ ಮಾತ್ರ, ಅದೂ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಹೊರಗಿರುತ್ತದೆ. ಅದಕ್ಕೇ ನಾವು ಸೇರುತ್ತಿದ್ದದ್ದು ಹದಿನೈದು ದಿನಕ್ಕೊಂದು ಭಾನುವಾರ. ಖಾಡಿಯ ನಡುವೆ ಹಳೆಯ ಧಕ್ಕೆಯೊಂದರ ಮುರುಕು ಕಂಬವಿತ್ತು, ಅದರ ಬುಡದಲ್ಲಿ ದೋಣಿ ಕಟ್ಟುವ ಕಬ್ಬಿಣದ ಬಳೆ. ಬಳೆ ಪೂರ್ತಿ ನೀರಿನಿಂದ ಹೊರಬಂತೆಂದರೆ ಕಲ್ಲೂ ಹೊರಬಂತೆಂದು ಅರ್ಥ. ನೀರು ಇನ್ನೂ ಇಳಿಯುತ್ತಿದೆಯೋ, ತಿರುಗಿ ಏರುತ್ತಿದೆಯೋ ಎಂದು ತಿಳಿಯಲು ಮಾಸ್ತರರು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡುತ್ತಿದ್ದರು. ನೀರು ಕಡ್ಡಿಯನ್ನು ಬಿಟ್ಟು ಹಿಂದೆ ಸರಿದರೆ ಇಳಿತ, ಕಡ್ಡಿಯನ್ನು ದಾಟಿ ಬಂದರೆ ಭರತ. "ಕಣ್ಣನ್ನು ನಂಬಬೇಡಿ. ಕಣ್ಣಿಗೆ ಅವಸರ. ಕಡ್ಡಿಗೆ ಎಂತ ಅವಸರ ಇಲ್ಲ," ಎನ್ನುತ್ತಿದ್ದರು.

ಹೊತ್ತು ತಿಳಿಯುವ ಲೆಕ್ಕವನ್ನು ಅವರು ಕೋಲಿಗಳಿಂದ ಕಲಿತಿದ್ದರು. ಅಂದಿನ ತಿಥಿ ಎಷ್ಟನೆಯದೋ ಅದರ ಮುಕ್ಕಾಲು ಮಾಡಿ. ಅಷ್ಟು ಗಂಟೆಗೆ ನೀರು ತುಂಬಿರುತ್ತದೆ. ಅಷ್ಟಮಿಯೆಂದರೆ ಎಂಟು, ಎಂಟರ ಮುಕ್ಕಾಲು ಆರು, ಆರು ಗಂಟೆಗೆ ಭರತ. ಅದಕ್ಕೆ ಆರೂ ಕಾಲು ಗಂಟೆ ಕೂಡಿಸಿದರೆ ಇಳಿತ. ಹುಣ್ಣಿಮೆ ಅಥವಾ ಅಮಾವಾಸ್ಯೆ ದಾಟಿದ ಮೇಲೆ ಮತ್ತೆ ಒಂದರಿಂದ ಎಣಿಕೆ. ಗುಮಾಸ್ತನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಅಷ್ಟು ದೊಡ್ಡ ಸಮುದ್ರ ನನ್ನ ಬಾಯಿಲೆಕ್ಕಕ್ಕೆ ಬಗ್ಗಿತಲ್ಲ ಎಂಬ ಜಂಬ.

ತಿಥಿ ತಿಳಿಯಲು ಪಂಚಾಂಗ ಬೇಕು. ನನ್ನ ಬಳಿ ಇರಲಿಲ್ಲ. ಆದರೆ ಫೋರ್ಟಿನ ಹೋಟೆಲಿನಲ್ಲಿ ಏಕಾದಶಿಯ ದಿನ ಮಾಲೀಕರು ಉಪವಾಸ ಕೂರುತ್ತಿದ್ದರು. ಬಾಗಿಲ ಬಳಿಯ ಕರಿಹಲಗೆಯ ಮೇಲೆ "ಸಾಬೂದಾಣೆ ಖಿಚಡಿ ಇದೆ" ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಿತ್ತು. ಆ ಹಲಗೆ ಕಂಡ ದಿನ ಹನ್ನೊಂದು. ಅಲ್ಲಿಂದ ಬೆರಳು ಮಡಿಚುತ್ತ ಹೋದರೆ ಸಾಕು. ಇದನ್ನು ಮಾಸ್ತರರಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು.

"ನಿಮ್ಮ ಉಡುಪಿಯವರ ಹೊಟ್ಟೀನ ನನ್ನ ಪಂಚಾಂಗ ನೋಡ್ರಿ," ಎಂದೆ.

"ಒಂದು ಪಂಚಾಂಗ ತಗೊಳ್ಳಿ ಮಾರಾಯ್ರೆ. ಹೊಟ್ಟೆಯನ್ನು ಅಷ್ಟು ನಂಬಬಾರದು," ಎಂದರು. ನಾನು ತೆಗೆದುಕೊಳ್ಳಲಿಲ್ಲ. ಹೇಗೂ ಪ್ರತಿ ಸಲ ಬೀಳ್ಕೊಡುವಾಗ ಮುಂದಿನ ಭಾನುವಾರದ ಹೊತ್ತನ್ನು ಅವರೇ ಹೇಳಿಬಿಡುತ್ತಿದ್ದರು.

ಎರಡನೆಯ ವರ್ಷದ ಚಳಿ ಮುಗಿಯುತ್ತ ಬಂದಿದ್ದಾಗ, ಅಮಾವಾಸ್ಯೆ ಕಳೆದ ಒಂದು ಭಾನುವಾರ, ಕಪ್ಪೆ ಸಿಕ್ಕಿತು. ಸಿಕ್ಕಿತು ಎಂದರೆ ಕಂಡಿತು. ಕಲ್ಲಿನ ತೀರ ಕೆಳಗಿನ ಪದರಿನಲ್ಲಿ, ಒಂದು ಮಡಿಚಿದ ಹಿಂಗಾಲು, ಅದರ ಪಕ್ಕದಲ್ಲಿ ಸೊಂಟದ ಮೂಳೆಯ ತುದಿ. ಉಳಿದದ್ದೆಲ್ಲ ಕಲ್ಲಿನೊಳಗೆ. ಮಾಸ್ತರರು ಸಣ್ಣ ಉಳಿ ತೆಗೆದರು. ಉಳಿ ಇಡುವಷ್ಟರಲ್ಲಿ ಭರತ ಬಂತು. ಪಾದ ಮುಳುಗಿತು, ಮಂಡಿ ಮುಳುಗಿತು, ಕಲ್ಲೂ ಮುಳುಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬದುವಿನ ಮೇಲೆ ಕಾಲು ತೊಳೆಯುತ್ತ ಅವರು ಹೇಳಿದರು: "ಮುಂದಿನ ಹುಣ್ಣಿಮೆ ಕಳೆದ ಭಾನುವಾರ ನೀರು ಇನ್ನೂ ಚೆಂದ ಇಳಿತದೆ. ಆಗ ತೆಗೆಯುವ. ಅದೇ ನನ್ನ ಕಡೇ ಭಾನುವಾರ. ಮಂಗಳವಾರ ಬೆಳಿಗ್ಗೆ ಹಡಗು."

"ಎಲ್ಲಿಗ್ರೀ?"

"ಊರಿಗೆ. ತಂಗಿ ಮನೆಗೆ. ಇಲ್ಲಿನ ಖೋಲಿ ಬಿಟ್ಟೆ."

ಅಷ್ಟೇ. ಕಾಲು ತೊಳೆಯುತ್ತ, ಬೆರಳ ಸಂದಿಯ ಕೆಸರು ತೆಗೆಯುತ್ತ, ಹವಾಮಾನದ ಸುದ್ದಿ ಹೇಳಿದಂತೆ ಹೇಳಿದರು.  ಕೇಳಿದ ಕೂಡಲೇ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮವ್ವ ಹೇಳುತ್ತಿದ್ದಳು, ಇವನು ಅಳುವುದಕ್ಕೆ ಬದಲು ಬೈಯುತ್ತಾನೆ ಎಂದು. ಆವತ್ತು ಬೈಯಲಿಲ್ಲ, ಬೂಟಿನ ದಾರ ಎಳೆದೆಳೆದು ಕಟ್ಟಿದೆ. ಅವರು ಪಂಚೆ ಇಳಿಸಿ ಕಟ್ಟಿಕೊಂಡು ನಕ್ಕರು.

"ಈ ಸಲ ಹೊತ್ತು ನಾನು ಹೇಳುವುದಿಲ್ಲ, ಸಯನ್ನಿನವರೇ. ಲೆಕ್ಕ ನಿಮ್ಮದು. ಇಳಿತಕ್ಕೆ ಅರ್ಧ ಗಂಟೆ ಮುಂಚೆ ಕಂಬದ ಹತ್ತಿರ ಸಿಗುವ. ನಿಮ್ಮ ಪರೀಕ್ಷೆ ಅಂತ ತಿಳ್ಕೊಳ್ಳಿ."

ಹದಿನೈದು ದಿನ ನನ್ನ ತಲೆಯಲ್ಲಿ ಎರಡೇ ಸಂಗತಿ. ಒಂದು, ಆ ಕಪ್ಪೆ. ಇನ್ನೊಂದು, ಆ ದಿನ ಅವರ ಹೆಸರು, ಊರು, ವಿಳಾಸ ಕೇಳಿ ಬರೆದುಕೊಳ್ಳಬೇಕು ಎಂಬುದು. ನಾಚಿಕೆ ಬಿಟ್ಟು ಕೇಳುವ ಮಾತನ್ನು ಸಯನ್ನಿನಿಂದ ಫೋರ್ಟಿಗೆ ಹೋಗುವ ಟ್ರೇನಿನಲ್ಲಿ ನಿಂತು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಕಪ್ಪೆಗಿಂತ ನನಗೆ ಆ ವಿಳಾಸವೇ ದೊಡ್ಡದಾಗಿತ್ತು. ಅದು ಕೈಬಿಟ್ಟರೆ ಮತ್ತೆ ಆ ಖೋಲಿ, ಆ ಭಾನುವಾರ, ಆ ದನಿ ಹೊರಡದ ಗಂಟಲು.

ಮಂಗಳವಾರ ಹೋಟೆಲಿನ ಕರಿಹಲಗೆಯ ಮೇಲೆ ಸಾಬೂದಾಣೆ ಬಂತು. ಬೆರಳು ಮಡಿಚಿದೆ. ಮಂಗಳವಾರ ಏಕಾದಶಿ, ಬುಧವಾರ ಹನ್ನೆರಡು, ಗುರುವಾರ ಹದಿಮೂರು, ಶುಕ್ರವಾರ ಹದಿನಾಲ್ಕು, ಶನಿವಾರ ಹುಣ್ಣಿಮೆ. ಭಾನುವಾರ ಪಾಡ್ಯ, ಅಂದರೆ ಒಂದು. ಒಂದರ ಮುಕ್ಕಾಲು ಮುಕ್ಕಾಲೇ, ಅಂದರೆ ನಡುರಾತ್ರಿ ಕಳೆದು ಮುಕ್ಕಾಲು ಗಂಟೆಗೆ ಭರತ. ಆರೂ ಕಾಲು ಕೂಡಿಸಿದರೆ ಏಳು ಗಂಟೆಗೆ ಇಳಿತ. ಆರೂವರೆಗೆ ಕಂಬದ ಬಳಿ ಇರಬೇಕು. ಅಳೆದೂ ಸುರಿದೂ ಮೂರು ಸಲ ಮಾಡಿದೆ. ಮೂರು ಸಲವೂ ಏಳೇ ಬಂತು. ಶನಿವಾರ ಸಂಜೆ ಬಿಲ್ಡಿಂಗಿನ ಹಿಂದೆ ಮೂಡಿದ ಚಂದ್ರ ನನ್ನ ಕಣ್ಣಿಗೆ ತುಂಬಿಯೇ ಇದ್ದ. ಒಂದು ಅಂಚು ಸವೆದಿತ್ತೋ ಏನೋ, ಅಷ್ಟು ನೋಡುವ ಕಣ್ಣು ನನ್ನದಲ್ಲ.

ಭಾನುವಾರ ಮೊದಲ ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ದಾಟಿ ಗಾಡಿ ಬದಲಿಸಿ, ಜೋಗೇಶ್ವರಿಗೆ ಇಳಿದು, ಬದುವಿನ ಮೇಲೆ ನಡೆದು ಹೋದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಗಡಿಯಾರದಲ್ಲಿ ಆರೂ ಕಾಲು. ಮಾಸ್ತರರು ಬಂದಿರಲಿಲ್ಲ. ಬರುತ್ತಾರೆ ಎಂದು ಕಂಬಕ್ಕೆ ಎದುರಾಗಿ ಕೂತೆ. ಬಳೆ ನೀರಿನೊಳಗಿತ್ತು. ಆರೂವರೆ ಆಯಿತು. ಆರೂ ಮುಕ್ಕಾಲು. ಒಂದೂವರೆ ವರ್ಷದಲ್ಲಿ ಒಂದು ದಿನವೂ ನಿಮಿಷ ತಪ್ಪದ ಮನುಷ್ಯ. ಬದುವಿನ ಉದ್ದಕ್ಕೂ ಒಂದು ಕೊಕ್ಕರೆ ಬಿಟ್ಟರೆ ಯಾರೂ ಇಲ್ಲ.

ಏಳು ಗಂಟೆಗೆ ಬಳೆಯ ಅರ್ಧ ಮಾತ್ರ ಹೊರಗಿತ್ತು. ನನ್ನ ಲೆಕ್ಕದಲ್ಲಿ ನೀರು ಇನ್ನು ತಿರುಗಬೇಕು. ಅಂದರೆ ಈ ಹೊತ್ತಿನ ಇಳಿತ ಸೋತಿತು, ಕಲ್ಲು ಹೊರಗೆ ಬರುವುದಿಲ್ಲ. ಮಾಸ್ತರರಿಗೆ ಇದು ಮೊದಲೇ ಗೊತ್ತಿತ್ತೇ? ಗೊತ್ತಿದ್ದೇ ಬರಲಿಲ್ಲವೇ? ಊರಿಗೆ ಹೊರಟವರಿಗೆ ಗಂಟುಮೂಟೆಯ ಗಡಿಬಿಡಿ, ಸಯನ್ನಿನ ಗುಮಾಸ್ತನ ನೆನಪು ಎಲ್ಲಿಂದ ಬರಬೇಕು? ಕಾಲು ತೊಳೆಯುತ್ತ ಹೇಳಿ ಮುಗಿಸಿದ ಮನುಷ್ಯ. ಇಷ್ಟು ಯೋಚನೆ ಬಂದದ್ದೇ ತಡ, ಕಿವಿಯವರೆಗೆ ಬಿಸಿಯೇರಿತು. ಕಡ್ಡಿ ನನ್ನ ಕಾಲ ಬಳಿಯೇ ಬಿದ್ದಿತ್ತು. ನೆಟ್ಟು ಐದು ನಿಮಿಷ ನೋಡಿದ್ದರೆ ಸಾಕಿತ್ತು. ನೆಡಲಿಲ್ಲ. ಸಿಟ್ಟು ಬಂದವನು ಕಡ್ಡಿ ನೆಡುತ್ತಾನೆಯೇ?

ಏಳೂ ಐದಕ್ಕೆ ಎದ್ದೆ. ಬದುವಿನ ಮೇಲೆ ಹೋಗಲಿಲ್ಲ. ಎದುರಿಗೆ ಸಿಕ್ಕರೆ ಸಿಗಲಿ ಎಂಬ ಆಸೆಯೂ ಬೇಡವೆಂದು ಕೋಲಿಗಳ ಕೇರಿಯ ದಾರಿ ಹಿಡಿದೆ. ಅಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ವಯಸ್ಸಾದ ಹೆಂಗಸು ನಮ್ಮಿಬ್ಬರನ್ನೂ ಎಷ್ಟೋ ಸಲ ನೋಡಿ ನಕ್ಕವಳು. ನನ್ನ ಕೆಸರು ಮೆತ್ತದ ಕಾಲು ನೋಡಿ ಕೇಳಿದಳು: "ಕಾಯ್, ಚಾಲ್ಲಾಸ್? ಪಾಣಿ ಅಜೂನ್ ಉತರ್ತಂಯ್. ಥಾಂಬ್ ಜರಾ."

ಏನು, ಹೊರಟೆಯಾ, ನೀರು ಇನ್ನೂ ಇಳಿಯುತ್ತಿದೆ, ಸ್ವಲ್ಪ ನಿಲ್ಲು ಎಂದಳು. ಖಾಡಿಯ ಬಾಯಲ್ಲೇ ಹುಟ್ಟಿ ಮುದುಕಿಯಾದವಳು. ನಾನು ಗಡಿಯಾರ ತೋರಿಸಿದೆ. "ನಹೀ ಬಾಯಿ. ಸಾತ್ ಬಜ್ ಗಯಾ. ಖತಂ," ಎಂದು ಅವಳಿಗೇ ಪಾಠ ಹೇಳಿದೆ. ಅವಳು, ಆಯ್ತಪ್ಪ ಎನ್ನುವಂತೆ, "ಬರಂ ಬಾಬಾ," ಎಂದು ಬುಟ್ಟಿ ಕವುಚಿದಳು.

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗ ನೆನಪಿತ್ತು. ಹಡಗು ಹೊರಡುವ ಧಕ್ಕೆ ಫೋರ್ಟಿನಿಂದ ಎಷ್ಟು ದೂರ? ಬಿರಬಿರನೆ ನಡೆದರೆ ಅರ್ಧ ಗಂಟೆ. ಬರಲಾಗದವರು ಅವರು, ನಾನೇಕೆ ಹೋಗಿ ಹಲ್ಲು ಗಿಂಜಲಿ ಎಂದು ಕುರ್ಚಿ ಎಳೆದು ಕೂತು ಫೈಲು ಬಿಚ್ಚಿದೆ. ಕಿಟಕಿಯಾಚೆಯಿಂದ ಒಂದು ಹಡಗಿನ ಕೂಗು ಕೇಳಿತು. ಅವರದೇ ಆಗಿತ್ತೆಂದು ಹೇಳಲಾರೆ, ಬಂದರಿನಲ್ಲಿ ಹಡಗುಗಳು ದಿನವಿಡೀ ಕೂಗುತ್ತವೆ.

ಬುಧವಾರ ಹೋಟೆಲಿನಲ್ಲಿ ಕಾಫಿ ಕುಡಿದು ಹೊರಡುವಾಗ, ಗಲ್ಲೆಯ ಮೇಲೆ ಕೂತಿದ್ದ ಮಾಲೀಕರು ಯಾರಿಗೋ ಹೇಳುತ್ತಿದ್ದರು, ಹುಣ್ಣಿಮೆಯ ದಿನ, ಶುಕ್ರವಾರ, ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದೆವು ಎಂದು. ನಾನು ನಿಂತೆ.

"ಶುಕ್ರವಾರ ಎಲ್ಲಿ ಹುಣ್ಣಿಮೀರಿ? ಶನಿವಾರ ಅಲ್ಲೇನು? ಮಂಗಳವಾರ ನೀವು ಏಕಾದಶಿ ಮಾಡೀರಲ್ಲ?"

"ಅದು ನಮ್ಮ ಏಕಾದಶಿ," ಎಂದರು ಅವರು. "ಈ ಸಲ ಏಕಾದಶಿಗೆ ಬೆಳಗಿನ ಜಾವ ದಶಮಿ ತಾಗಿತ್ತು. ತಾಗಿದ್ರೆ ನಾವು ಆ ದಿನ ಮಾಡುವ ಹಾಗಿಲ್ಲ, ಮರುದಿನ ಮಾಡೋದು. ಉಳಿದವರದ್ದು ಸೋಮವಾರವೇ ಆಯ್ತು. ನಿಮ್ಮಲ್ಲಿ ಹಾಗೆ ಇಲ್ವಾ?"

ನಮ್ಮಲ್ಲಿ ಏಕಾದಶಿಯೇ ಇಲ್ಲ. ನಮ್ಮ ಮನೆಯಲ್ಲಿ ಸೋಮವಾರ ಗೊತ್ತು, ಶಿವರಾತ್ರಿ ಗೊತ್ತು. ಏಕಾದಶಿಯಲ್ಲೂ ಎರಡಿರುತ್ತವೆ, ಒಬ್ಬರ ಹನ್ನೊಂದು ಇನ್ನೊಬ್ಬರ ಹನ್ನೆರಡರಂದು ಬರುತ್ತದೆ ಎಂದು ನನಗೆ ಯಾವ ಗುರು ಹೇಳಿದ್ದ? ಅಲ್ಲೇ ಗಲ್ಲೆಗೆ ಆನಿಕೊಂಡು ಮತ್ತೆ ಬೆರಳು ಮಡಿಚಿದೆ. ಹಲಗೆ ಕಂಡ ಮಂಗಳವಾರ ಹನ್ನೆರಡು. ಶುಕ್ರವಾರ ಹುಣ್ಣಿಮೆ. ಭಾನುವಾರ ಪಾಡ್ಯವಲ್ಲ, ಬಿದಿಗೆ. ಎರಡರ ಮುಕ್ಕಾಲು ಒಂದೂವರೆ. ಇಳಿತ ಏಳೂ ಮುಕ್ಕಾಲಕ್ಕೆ. ಅವರು ಹೇಳಿದಂತೆ ಅರ್ಧ ಗಂಟೆ ಮುಂಚೆ ಎಂದರೆ ಏಳೂ ಕಾಲಕ್ಕೆ ಕಂಬದ ಬಳಿ ಬರಬೇಕಿತ್ತು. ನಾನು ಎದ್ದದ್ದು ಏಳೂ ಐದಕ್ಕೆ.

ಹತ್ತು ನಿಮಿಷ. ಅವರು ಬದುವಿನ ಮೇಲೆ ಬರುತ್ತಿದ್ದಾಗ ನಾನು ಕೇರಿಯ ದಾರಿಯಲ್ಲಿ ಕೋಲಿ ಮುದುಕಿಗೆ ಸಮುದ್ರದ ಪಾಠ ಹೇಳುತ್ತಿದ್ದೆ.

ಆ ಸಂಜೆ ಜೋಗೇಶ್ವರಿಗೆ ಓಡಿದೆ. ಹಡಗು ಹೋಗಿ ಒಂದೂವರೆ ದಿನವಾಗಿತ್ತು. ಆದರೂ ಚಾಳು ಸಿಕ್ಕರೆ ಊರಿನ ವಿಳಾಸವಾದರೂ ಸಿಕ್ಕೀತು. ಸ್ಟೇಷನ್ನಿನ ಹಿಂದಿನ ಚಾಳುಗಳಲ್ಲಿ ಮೆಟ್ಟಿಲು ಹತ್ತಿ ಇಳಿದು ಕೇಳಿದೆ. ಯಾರನ್ನು ಎಂದರೆ ಏನು ಹೇಳಲಿ? ಹೆಸರು ಗೊತ್ತಿಲ್ಲ. ಮುದುಕರು, ಒಬ್ಬರೇ ಇದ್ದವರು, ಮೇಷ್ಟ್ರು, ಭಾನುವಾರ ಕಲ್ಲು ಒಡೆಯುವವರು. ಹೆಂಗಸರು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಒಳಗೆ ಹೋದರು. ಒಬ್ಬನಂತೂ, ಕಲ್ಲು ಒಡೆಯುವವರು ಬೇಕಾದರೆ ಕ್ವಾರಿಗೆ ಹೋಗು ಎಂದ. ಒಂದೂವರೆ ವರ್ಷ ಒಬ್ಬರ ಜೊತೆ ಇದ್ದು, ಅವರನ್ನು ಹುಡುಕಲು ಬೇಕಾದ ಒಂದು ಮಾತನ್ನೂ ನಾನು ತಿಳಿದಿರಲಿಲ್ಲ. ಟ್ರೇನಿನಲ್ಲಿ ನಿಂತು ಬರುವಾಗ ಅತ್ತೆ. ಯಾರೂ ನೋಡಲಿಲ್ಲ, ನೋಡಿದ್ದರೂ ಕೇಳುವವರು ಯಾರಿದ್ದರು? ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಹದಿನೈದು ದಿನ ಕಳೆದು ಅಮಾವಾಸ್ಯೆಯ ಭಾನುವಾರ ಬಂತು. ಹೋಗುವುದಕ್ಕೆ ಕಾರಣವೇನೂ ಇರಲಿಲ್ಲ. ಅಷ್ಟರಲ್ಲಿ ಒಂದು ಪಂಚಾಂಗ ಕೊಂಡಿದ್ದೆ, ಊರೆಲ್ಲ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ. ಅದರ ಪ್ರಕಾರ ಆ ಭಾನುವಾರ ಪಾಡ್ಯ. ಇಳಿತ ಸರಿಯಾಗಿ ಏಳು ಗಂಟೆಗೆ. ಹದಿನೈದು ದಿನ ಮುಂಚೆಯೇ ಮಾಡಿಟ್ಟ ನನ್ನ ಲೆಕ್ಕ ಈಗ ಸರಿಯಾಗಿತ್ತು.

ಕೇರಿಯ ದಾರಿಯಲ್ಲೇ ಹೋದೆ. ಕೋಲಿ ಮುದುಕಿ ನನ್ನನ್ನು ಕಂಡವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೀ ಬೋಲ್ಲೆ ಹೋತೆ ನಾ?" ನಾನು ಹೇಳಿರಲಿಲ್ಲವೇ ಎಂದು. ಹೌದು ಎಂದೆ. ಆಮೇಲೆ ಅವಳು ತನ್ನ ಭಾಷೆಯಲ್ಲಿ ಬಡಬಡ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ನಾನು ಹೋದ ಸ್ವಲ್ಪ ಹೊತ್ತಿಗೇ ಮ್ಹಾತಾರಾ, ಅಂದರೆ ಮುದುಕ, ಬಂದ. ಕಡ್ಡಿ ನೆಟ್ಟ. ಒಬ್ಬನೇ ಕಲ್ಲು ಕೆತ್ತಿದ. ಪ್ರತಿ ಏಟಿಗೂ ಒಮ್ಮೆ ಬದುವಿನ ಕಡೆ ನೋಡುತ್ತಿದ್ದ. ನೀರು ತಿರುಗಿ ಮಂಡಿಗೆ ಬಂದರೂ ನಿಂತೇ ಇದ್ದ. ಕಡೆಗೆ ಅವಳೇ ದಡದಿಂದ ಕೂಗಿ, ಆ ಹುಡುಗ ಬಂದು ಏಳು ಗಂಟೆಗೇ ಖತಂ ಎಂದು ಹೋದ ಎಂದಳಂತೆ. ಆಗ ಅವನು ಹಣೆ ಹಣೆ ಬಡಿದುಕೊಂಡು ನಕ್ಕನಂತೆ.

"ಹಸ್ಲಾ, ಮಗ್ ರಡ್ಲಾ," ಎಂದಳು. ನಕ್ಕ, ಆಮೇಲೆ ಅತ್ತ.

ಗುಡಿಸಿಲ ಮಾಡಿನ ಸಂದಿಯಿಂದ ಅವಳು ಒಂದು ಪೊಟ್ಟಣ ತೆಗೆದು ಕೊಟ್ಟಳು. ಅವರು ತಲೆಗೆ ಸುತ್ತುತ್ತಿದ್ದ ಟವಲು. ಅದರೊಳಗೆ ಹಳೆಯ ಪತ್ರಿಕೆ, ಪತ್ರಿಕೆಯೊಳಗೆ ಅಂಗೈಯಗಲದ ಬೂದು ಹಾಳೆಗಲ್ಲು. ಕಲ್ಲಿನ ನಡುವೆ ಕಪ್ಪೆ. ಹೆಬ್ಬೆರಳಿನ ತುದಿಯಷ್ಟು. ತಲೆ, ಬೆನ್ನು, ಮಡಿಚಿದ ನಾಲ್ಕು ಕಾಲು, ಎಳೆಯಂಥ ಬೆರಳುಗಳು, ಒಂದೂ ಮುರಿದಿರಲಿಲ್ಲ. ಸರದಿಯಂತೆ ಈ ಸಲ ವಸ್ತು ಅವರದು, ಅಚ್ಚು ನನ್ನದು. ಅವರು ಇಷ್ಟು ವರ್ಷ ಹುಡುಕಿದ್ದನ್ನು ನನಗೆ ಬಿಟ್ಟು, ಬರೀ ಗುಳಿಯನ್ನು ಊರಿಗೆ ಒಯ್ದಿದ್ದರು.

ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ, ನೀರಿನಲ್ಲಿ ನಿಂತು ಬರೆದ ಅಕ್ಷರದಲ್ಲಿ, ಶಾಲೆಯ ಪಾಟಿಯ ಮೇಲೆ ತಿದ್ದಿದಂತೆ ಬರೆದಿದ್ದರು:

"ಬಿದಿಗೆ. 2 × ¾ = 1½. ಇಳಿತ 7¾. ರೀತಿ ಸರಿ, ಉತ್ತರ ತಪ್ಪು. ಏಕಾದಶಿ ಎರಡಿತ್ತು, ಹೇಳಲು ಮರೆತದ್ದು ನನ್ನ ತಪ್ಪು. ಇಂತಿ, ಮಾಸ್ತರ."

ವಿಳಾಸವಿರಲಿಲ್ಲ. ಹೆಸರಿರಲಿಲ್ಲ. ನಾನು ಕರೆಯುತ್ತಿದ್ದ ಹೆಸರನ್ನೇ, ನಮ್ಮ ಕಡೆಯವರು ಅನ್ನುವ ಹಾಗೆಯೇ, ಬರೆದು ಮುಗಿಸಿದ್ದರು. ನನಗೆ ಬರೆಯಬೇಕೆಂದು ಅವರಿಗೆ ಮನಸ್ಸಾದರೂ ಹೇಗೆ ಬರೆದಾರು? ಸಯನ್ನಿನವರು, ಸಯನ್, ಮುಂಬಯಿ ಎಂದರೆ ಯಾವ ಟಪಾಲಿನವನು ತಂದುಕೊಡುತ್ತಾನೆ?

ಟವಲನ್ನು ಹೆಗಲಿಗೆ ಹಾಕಿಕೊಂಡು, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಎದುರಾಗಿ ಕೂತೆ. ನೀರಿನ ಅಂಚಿನಲ್ಲಿ ಕಡ್ಡಿ ನೆಟ್ಟೆ. ನೀರು ಕಡ್ಡಿಯನ್ನು ಬಿಟ್ಟು ನಿಧಾನ ಹಿಂದೆ ಸರಿಯಿತು, ಬಳೆ ಪೂರ್ತಿ ಹೊರಬಂತು. ಏಳು ಗಂಟೆಗೆ, ನನ್ನ ಲೆಕ್ಕದಂತೆಯೇ, ನೀರು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಏರತೊಡಗಿತು. ಮೊದಲು ಬಳೆ ಮುಳುಗಿತು, ಆಮೇಲೆ ಕಡ್ಡಿ ಅಲ್ಲಾಡಿ ಬಿದ್ದು ತೇಲಿಹೋಯಿತು. ದಡದಿಂದ ಮುದುಕಿ, ಇನ್ನು ಎದ್ದು ಬಾ ಎಂದು ಕೂಗಿದಳು. ನಾನು ಏಳೂ ಮುಕ್ಕಾಲಾಗುವವರೆಗೆ ಕೂತೇ ಇದ್ದೆ.